ಮೂವತ್ತೇಳನೆಯ ಗೂಟ

ತಾಳಿಕೋಟಿ ದಾಟಿ, ಡೋಣಿ ಹೊಳೆಯ ಈಚೆ,
ನಮ್ಮ ಜೀಪು ಯರಿಯೊಳಗೆ ಮೊಣಕಾಲೂರಿತು.
ಅಕಾಲದ ಮಳೆ, ಅದೂ ಒಂದೇ ತಾಸು.
ಅಷ್ಟು ಸಾಕಾಯಿತು ಕರಿಮಣ್ಣು ಬೆಲ್ಲದ ಪಾಕವಾಗಲು.
ಡ್ರೈವರ್ ದಸ್ತಗೀರ ಗಾಲಿ ನೋಡಿ, ಆಕಾಶ ನೋಡಿ,
"ಮುಂಜಾನಿತನಕ ಇದ ನಮ್ಮ ಪ್ರವಾಸಿ ಮಂದಿರ" ಅಂದ.

ಚೀಲದಲ್ಲಿ ಅಕ್ಕಿ ಇತ್ತು, ನಾಕು ಬದನೇಕಾಯಿ,
ಒಂದು ಡಬ್ಬಿ ಶೇಂಗಾ ಹಿಂಡಿ.
ಕಲ್ಲಿರಲಿಲ್ಲ.
ಕಣ್ಣು ಹಾಯುವವರೆಗೆ ಒಲೆ ಹೂಡಲು ಒಂದೂ ಕಲ್ಲಿಲ್ಲ,
ಹೊಲದಿಂದ ಹೊಲಕ್ಕೆ ತಡಕಾಡಿದರೂ
ಕವಣೆಗೊಂದು ಹರಳು ಸಿಗದ ನೆಲ ಅದು.

ನಾನು ಹತ್ತಿಕಟಿಗೆ ಎಳೆತಂದು ಗುಡ್ಡೆ ಹಾಕಿದೆ,
ಡೀಸೆಲ್ ಸುರಿದು ಕಡ್ಡಿ ಗೀರಿದೆ.
ಡೀಸೆಲ್ ಉರಿಯಿತು, ಕಟಿಗೆ ಉರಿಯಲಿಲ್ಲ.
ಎತ್ತ ಸರಿದರೂ ಹೊಗೆ
ಸಾಲ ಕೇಳುವವನ ಹಾಗೆ ಬೆನ್ನು ಹತ್ತಿತು.

ಹೊಗೆ ಕಂಡು ಬಂದವಳು ಕುರಿಹಟ್ಟಿಯ ಲಗಮವ್ವ.
ಹೆಗಲ ಮೇಲೆ ಕಂಬಳಿ, ಕಂಬಳಿಯೊಳಗೆ ನಿನ್ನೆ ಹುಟ್ಟಿದ ಮರಿ.
ಅದನ್ನು ನನ್ನ ಉಡಿಗೆ ಹಾಕಿ, ಗುಡ್ಡೆಯನ್ನು ಕಾಲಿಂದ ಕೆದರಿ,
"ಒಲಿ ಮಾಡೀಯೋ ತಂಗಿ, ಹೆಣ ಸುಡಾಕ ಕುಂತೀಯೋ?
ಹಸದ ಕೂಸಿನ ಬಾಯಾಗ ಹತ್ತ ರೊಟ್ಟಿ ತುರುಕಿದರ
ಅದು ಉಣ್ಣತೈತೋ, ಉಸಿರ ಕಟ್ಟತೈತೋ?"

ಕುರ್ಚಗಿ ಹಿಡಿದು ಕೂತಳು.
ಮೇಲೆ ನಾಕು ಬೆರಳು ಕೆಸರು,
ಕೆಳಗೆ ಮಳೆಯ ಸುದ್ದಿಯೇ ಗೊತ್ತಿಲ್ಲದ ಮಣ್ಣು.
ಮೊಳದಾಳದ ಒಂದು ಕುಣಿ, ಪಾತೇಲಿಗಿಂತ ತುಸು ಕಿರಿದು.
ಗೇಣು ದೂರದಲ್ಲಿ, ಗಾಳಿ ಬರುವ ಕಡೆಗೆ,
ಓರೆಯಾಗಿ ಇನ್ನೊಂದು.
ನೆಲದೊಳಗೆ ಎರಡಕ್ಕೂ ಬಿಲ ಕೂಡಿಸಿದಳು.
ಆಚೆಯಿಂದ ತೂರಿದ ಅವಳ ಬೆರಳು
ಈಚೆ ಕುಣಿಯಲ್ಲಿ ಹೊರಬಿದ್ದು ನನ್ನನ್ನು ಬಾ ಬಾ ಎಂದವು.

"ಬೆಂಕಿಗೆ ದೊಡ್ಡ ಮನಿ ಬ್ಯಾಡ. ಬಾಗಲಾ ಇರಬೇಕು.
ಮ್ಯಾಲಿಂದ ಉಣ್ಣತೈತಿ, ಕೆಳಗಿಂದ ಉಸರಾಡತೈತಿ."

ಒಣಗಿದ್ದೇನಿದೆ ಈ ಬಯಲಲ್ಲಿ?
ಜೀಪಿನ ಹಿಂದೆ ಇಣುಕಿದಳು. ತಾಡಪತ್ರಿಯ ಕೆಳಗೆ
ನನ್ನ ಗೂಟಗಳು: ಸಾಗುವಾನಿ, ಕೆಂಪು ತಲೆ, ಹಣೆಗೆ ನಂಬರು.
"ಇವು ಎದಕ್ಕ?"
"ಕರೆಂಟಿನ ಕಂಬ ಬರತಾವ ಯವ್ವಾ. ಎಲ್ಲೆಲ್ಲಿ ಅನ್ನೋದಕ್ಕ ಗುರುತು."
ಅವಳು ಬಯಲನ್ನೊಮ್ಮೆ ನೋಡಿದಳು.
ಕತ್ತಲಲ್ಲಿ ಕುರಿಗಳ ಕೆಮ್ಮು ಕೇಳುತ್ತಿತ್ತು.
ಎಲ್ಲವನ್ನೂ ಒಟ್ಟುತ್ತಾಳೆ ಅಂದುಕೊಂಡೆ. ಬೈಗುಳ ಬಂತು ಅಂದುಕೊಂಡೆ.
ಒಂದನ್ನೇ ಎತ್ತಿದಳು.
ಮೂವತ್ತೇಳು.

ಬಣ್ಣದ ತಲೆ ಕಡಿದು ನನ್ನ ಕೈಗಿಟ್ಟಳು,
"ಇದರ ಹೊಗಿ ಅನ್ನಕ್ಕ ಹತ್ತತೈತಿ."
ಉಳಿದದ್ದನ್ನು ಸೀಳಿ, ಸೀಳನ್ನು ಮತ್ತೆ ಸೀಳಿ,
ಕುಡಗೋಲಿನಿಂದ ಕೆರೆದಳು
ಮಗುವಿನ ಜಾವಳದಷ್ಟು ತೆಳ್ಳಗೆ, ಸುರುಳಿ ಸುರುಳಿ.
ಮೊದಲು ಜಾವಳ. ಆಮೇಲೆ ಕಡ್ಡಿ. ಆಮೇಲೆ ಕಿರುಬೆರಳು.
ಹಸಿ ಹತ್ತಿಕಟಿಗೆ ಮಾತ್ರ ಕುಣಿಯ ಅಂಚಿಗೆ,
ದವಾಖಾನೆಯಲ್ಲಿ ಪಾಳಿಗೆ ಕೂತವರ ಹಾಗೆ,
ಒರಗಿಕೊಂಡು ಒಣಗಲಿ.

ಒಂದೇ ಕಡ್ಡಿ ಗೀರಿದಳು.
ಎರಡನೆಯ ಕುಣಿ ಸಣ್ಣಗೆ ಗೊರಕೆ ಹೊಡೆಯಿತು, ಗಾಳಿ ಒಳಗಿಳಿಯಿತು.
ಹೊಗೆ ಇಲ್ಲ, ಬೆಳಕೂ ಅಷ್ಟಕ್ಕಷ್ಟೇ.
ಹತ್ತು ಹೆಜ್ಜೆ ಆಚೆಯಿಂದ ದಸ್ತಗೀರ "ಹತ್ತಿತೇನ್ರಿ?" ಅಂದಾಗ
ಎಸರು ಕುದಿಯುತ್ತಿತ್ತು.

ಇನ್ನೊಂದು ಗೂಟ ಚಾಚಿದೆ. ಬೇಡವೆಂದಳು.
"ಒಂದ ಸಾಕು. ಹೊಟ್ಟಿ ಮೂರೈತಿ, ಊರಿಲ್ಲ."
ಬದನೇಕಾಯಿ ಕೆಂಡದಲ್ಲಿ ಸಿಪ್ಪೆ ಬಿಟ್ಟಿತು.
ತನ್ನ ಗಂಟಿನ ಕಟಕಟಿ ರೊಟ್ಟಿ ಮುರಿದು ಹಂಚಿದಳು,
ನಮ್ಮ ಹಿಂಡಿಗೆ ಉಪ್ಪು ಕಮ್ಮಿ ಎಂದಳು.
ಉಂಡೆದ್ದು ಎರಡೂ ಕುಣಿಗೆ ಮಣ್ಣು ದೂಡಿ,
ಮಗುವನ್ನು ಮಲಗಿಸುವಂತೆ ತಟ್ಟಿ,
ನನ್ನ ಉಡಿಯಿಂದ ಮರಿ ಎತ್ತಿಕೊಂಡು ಹೋದಳು.
ಅದು ನನ್ನ ಮೇಲೆ ಉಚ್ಚೆ ಹೊಯ್ದದ್ದು ಆಗ ತಿಳಿಯಿತು.

ಬೆಳಿಗ್ಗೆ ಟ್ರ್ಯಾಕ್ಟರ್ ಬಂತು. ಹಟ್ಟಿ ಇರಲಿಲ್ಲ,
ಬಯಲ ತುಂಬ ಗೊರಸಿನ ಗುರುತು.
ಒಲೆ ಎಲ್ಲಿತ್ತೆಂದು ಕಣ್ಣಿಗೆ ಸಿಗಲಿಲ್ಲ.
ಚಪ್ಪಲಿ ಕಳಚಿ ನಡೆದಾಡಿದೆ,
ಒಂದು ಕಡೆ ಪಾದ ತಾನಾಗಿ ನಿಂತಿತು.

ನನ್ನ ವಹಿಯಲ್ಲಿ ಮೂವತ್ತಾರಿದೆ, ಮೂವತ್ತೆಂಟಿದೆ.
ನಡುವಿನ ಸಾಲಿಗೆ, ಷರಾ ಬರೆಯುವಲ್ಲಿ,
"ನೆಲ ಬೆಚ್ಚಗಿದೆ" ಎಂದು ಬರೆದೆ.
ಮೇಲಿನವರು ಇನ್ನೂ ಏನೂ ಕೇಳಿಲ್ಲ.